ಹಿರಿಯರಲ್ಲಿ ಮರೆವು ಕಂಡಾಗ: ಊಟ, ಬಿ12 ಮತ್ತು ಮಾತ್ರೆಗಳ ವಿಚಾರದಲ್ಲಿ ಅನುಸರಿಸಬೇಕಾದ ಕ್ರಮ

ಅರವತ್ತು ದಾಟಿದ ಅಪ್ಪನೋ ಅಮ್ಮನೋ ಹೆಸರುಗಳನ್ನು ಮರೆಯಲು ಶುರುಮಾಡಿದಾಗ ಕೆಲವು ಮನೆಗಳಲ್ಲಿ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮೆಡಿಕಲ್ ಶಾಪಿನಿಂದ ನೆನಪಿನ ಶಕ್ತಿಗೆಂದು ಒಂದು ಡಬ್ಬಿ ತಂದುಕೊಡುತ್ತಾರೆ. ಮೊದಲನೆಯವರು ಸರಿಪಡಿಸಬಹುದಾದ ಕೊರತೆಯೊಂದನ್ನು ನೋಡದೇ ಬಿಡುವ ಸಾಧ್ಯತೆಯಿದೆ, ಎರಡನೆಯವರು ಇಲ್ಲದ ಕೊರತೆಗೆ ಹಣ ಸುರಿಯುವ ಸಾಧ್ಯತೆಯಿದೆ. ಮರೆವಿಗೂ ಆಹಾರಕ್ಕೂ ನಂಟಿದೆ ಎಂಬುದು ನಿಜ, ಆದರೆ ಆ ನಂಟು ಎಲ್ಲರಲ್ಲೂ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಮೊದಲು ಕೊರತೆ ಇದೆಯೇ ಎಂದು ಪರೀಕ್ಷಿಸಿ, ಆಮೇಲೆ ಅದನ್ನು ತುಂಬಿ, ಅದರ ಜೊತೆಗೆ ದಿನದ ಊಟವನ್ನು ತಿದ್ದಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಮರೆವನ್ನು ಗಮನಿಸಬೇಕು

ಮದುವೆಮನೆಯಲ್ಲಿ ಕಂಡವರ ಹೆಸರು ಆಗ ಹೊಳೆಯದೆ ಸಂಜೆಗೆ ನೆನಪಾದರೆ ಅದು ವಯಸ್ಸಿಗೆ ಸಹಜವಾದದ್ದು. ನಲವತ್ತು ವರ್ಷ ಸಾರು ಮಾಡಿದವರು ಉಪ್ಪನ್ನು ಎರಡು ಸಲ ಹಾಕತೊಡಗಿದರೆ, ಬೆಳಗ್ಗೆ ನುಂಗಿದ ಬಿಪಿ ಮಾತ್ರೆಯನ್ನು ಮಧ್ಯಾಹ್ನ ಮತ್ತೆ ನುಂಗಿದರೆ, ದಿನವೂ ಹೋಗುವ ದೇವಸ್ಥಾನದಿಂದ ಮರಳುವಾಗ ತಿರುವಿನಲ್ಲಿ ದಿಕ್ಕು ತಿಳಿಯದೆ ನಿಂತರೆ, ಅದನ್ನು ತಾರೀಕಿನ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವೈದ್ಯರಿಗೆ "ಈಚೆಗೆ ತುಂಬ ಮರೆವು" ಎಂಬ ಮಾತಿಗಿಂತ ಇಂತಹ ಆರೇಳು ಸಾಲುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ನೆನಪು ಮತ್ತು ಯೋಚನಾಶಕ್ತಿ ಕುಗ್ಗುತ್ತಾ ಹೋಗುವ ಡಿಮೆನ್ಷಿಯಾ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಇದು ಸಣ್ಣ ಸಂಖ್ಯೆಯಲ್ಲ, ಆದರೆ ಮರೆಯುವ ಪ್ರತಿಯೊಬ್ಬರಿಗೂ ಆ ಕಾಯಿಲೆ ಇಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಏಕಾಏಕಿ ಗೊಂದಲಕ್ಕೊಳಗಾಗಿ, ಮನೆಯವರನ್ನೇ ಗುರುತಿಸದೆ, ಸಂಬಂಧವಿಲ್ಲದ ಮಾತಾಡತೊಡಗಿದರೆ ಆಹಾರದ ವಿಚಾರವನ್ನು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಸಕ್ಕರೆ ಕುಸಿಯುವುದು, ಪಾರ್ಶ್ವವಾಯು ಇವೆಲ್ಲ ವಯಸ್ಸಾದವರಲ್ಲಿ ಹೀಗೆಯೇ ಕಾಣಿಸಿಕೊಳ್ಳುತ್ತವೆ.

ಮೊದಲ ಹೆಜ್ಜೆ ಬಿ12 ಪರೀಕ್ಷೆ

ಮರೆವಿಗೆ ಸಂಬಂಧಿಸಿದ ವಿಟಮಿನ್‌ಗಳಲ್ಲಿ ನಮ್ಮ ಕಡೆಯ ಮನೆಗಳಿಗೆ, ಅದರಲ್ಲೂ ಸಸ್ಯಾಹಾರಿ ಮನೆಗಳಿಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಬಿ12. ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆ ಸುಸ್ಥಿತಿಯಲ್ಲಿರಲು ಮತ್ತು ರಕ್ತಕಣಗಳು ಸರಿಯಾಗಿ ಬೆಳೆಯಲು ಅದು ಬೇಕು. ದಿನಕ್ಕೆ ಬೇಕಾಗುವುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂನಷ್ಟು ಮಾತ್ರವೇ ಆದರೂ ಅದು ಸಹಜವಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇಂತಹ ಪ್ರಾಣಿಮೂಲದ ಆಹಾರದಲ್ಲಿ. ಸೊಪ್ಪು, ಕಾಳು, ಹಣ್ಣುಗಳನ್ನು ಎಷ್ಟೇ ತಿಂದರೂ ಈ ಲೆಕ್ಕ ತುಂಬುವುದಿಲ್ಲ.

"ನಾವು ಹಾಲು ಮೊಸರು ತಿನ್ನುತ್ತೇವಲ್ಲ" ಎಂಬ ಉತ್ತರ ಸಾಮಾನ್ಯ. ಅದನ್ನು ಅಳತೆಗೆ ಇಳಿಸಿ ನೋಡಬೇಕು. ನೂರು ಮಿಲಿಲೀಟರ್ ಹಾಲಿನಲ್ಲಿ ಇರುವ ಬಿ12 ಸುಮಾರು 0.4ರಿಂದ 0.5 ಮೈಕ್ರೋಗ್ರಾಂ. ಎರಡು ಹೊತ್ತಿನ ಕಾಫಿಗೆ ಬೀಳುವ ಹಾಲು ಒಟ್ಟು ನೂರೈವತ್ತು ಮಿಲಿಲೀಟರ್ ದಾಟುವುದು ಅಪರೂಪ. ರಾತ್ರಿಯ ಊಟಕ್ಕೆ ಒಂದು ಸೌಟು ಮೊಸರಿಗೆ ಮೂರು ಸೌಟು ನೀರು ಬೆರೆಸಿದ ಮಜ್ಜಿಗೆಯಿಂದ ಬರುವುದೂ ಅಲ್ಪವೇ. ಹಾಲನ್ನು ಬೆಳಗ್ಗೆಯಿಂದ ಸಂಜೆಯವರೆಗೆ ಮತ್ತೆ ಮತ್ತೆ ಕುದಿಸಿದರೆ ಇರುವುದರಲ್ಲಿಯೂ ಒಂದಿಷ್ಟು ನಷ್ಟವಾಗುತ್ತದೆ. ಹೀಗೆ ಕೂಡಿಸಿದರೆ ದಿನದ ಅಗತ್ಯದ ಅರ್ಧಕ್ಕೂ ತಲುಪದ ಹಿರಿಯರು ಅನೇಕರಿದ್ದಾರೆ, ಅವರು ತಮ್ಮನ್ನು ಹಾಲು ಮೊಸರಿನ ಊಟದವರೆಂದೇ ತಿಳಿದಿರುತ್ತಾರೆ.

ಆಹಾರದಲ್ಲಿ ಸಾಕಷ್ಟು ಇದ್ದವರಿಗೂ ವಯಸ್ಸಾದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಆಹಾರದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜಠರದ ಆಮ್ಲ ಅದನ್ನು ಬಿಡಿಸಬೇಕು, ಜಠರದಲ್ಲಿಯೇ ಸ್ರವಿಸುವ ಇನ್ನೊಂದು ವಸ್ತು ಅದರೊಂದಿಗೆ ಕೂಡಬೇಕು, ಆ ಜೋಡಿ ಸಣ್ಣ ಕರುಳಿನ ಕೊನೆಯ ಭಾಗವನ್ನು ತಲುಪಿದ ಮೇಲೆಯೇ ಅದು ರಕ್ತಕ್ಕೆ ಸೇರುತ್ತದೆ. ವಯಸ್ಸಿನೊಂದಿಗೆ ಹಲವರಲ್ಲಿ ಜಠರದ ಒಳಪದರ ತೆಳುವಾಗಿ ಆಮ್ಲ ಕಡಿಮೆಯಾಗುವುದರಿಂದ ಮೊದಲ ಹಂತದಲ್ಲಿಯೇ ಕೆಲಸ ಕೆಡುತ್ತದೆ. ಮಾತ್ರೆಯಲ್ಲಿರುವ ಬಿ12 ಹೀಗೆ ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲವಾದ್ದರಿಂದ ಊಟದಿಂದ ದಕ್ಕದವರಿಗೂ ಮಾತ್ರೆಯಿಂದ ದಕ್ಕುವುದುಂಟು. ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ದಾಸ್ತಾನು ಇರುವುದರಿಂದ ಅರವತ್ತೈದರಲ್ಲಿ ಹಾಲು ಬಿಟ್ಟವರಿಗೆ ತೊಂದರೆ ಕಾಣಿಸುವುದು ಎಪ್ಪತ್ತರ ಹೊತ್ತಿಗೆ. ಆಗ ಕಾರಣವೂ ಪರಿಣಾಮವೂ ಒಂದಕ್ಕೊಂದು ಸಂಬಂಧಪಟ್ಟವು ಎಂದು ಯಾರಿಗೂ ಹೊಳೆಯುವುದಿಲ್ಲ.

ಬಿ12 ಕೊರತೆ ಮರೆವಾಗಿ ಮಾತ್ರ ಕಾಣಿಸುವುದಿಲ್ಲ. ಅಂಗಾಲಿನಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ಓಲಾಡುವುದು, ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಆಯತಪ್ಪುವುದು, ನಾಲಿಗೆ ಕೆಂಪಾಗಿ ನುಣುಪಾಗಿ ಖಾರ ತಾಳದಿರುವುದು, ಕಾರಣವಿಲ್ಲದ ಸುಸ್ತು, ಮಂಕು ಅಥವಾ ಸಿಡುಕು ಇವುಗಳಲ್ಲಿ ಯಾವುದಾದರೂ ಮರೆವಿನ ಜೊತೆಗಿದ್ದರೆ ಪರೀಕ್ಷೆಯನ್ನು ಮುಂದೂಡಬಾರದು.

ಪರೀಕ್ಷೆಗೆ ರಕ್ತ ಕೊಡುವ ಮುನ್ನ ಮನೆಯಲ್ಲಿದ್ದ ಬಿ ಕಾಂಪ್ಲೆಕ್ಸ್ ಮಾತ್ರೆಯನ್ನು "ಹೇಗೂ ಒಳ್ಳೆಯದೇ" ಎಂದು ನುಂಗಿಸಬಾರದು, ಏಕೆಂದರೆ ಆಗ ವರದಿಯ ಅಂಕಿ ಏರಿ ಒಳಗಿನ ಕೊರತೆ ಮರೆಯಾಗುತ್ತದೆ; ಈಗಾಗಲೇ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತಕ್ಕೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆಯೆಂದೂ 200ರಿಂದ 300ರ ನಡುವೆ ಬಂದರೆ ಅನುಮಾನಾಸ್ಪದವೆಂದೂ ಭಾವಿಸುತ್ತಾರೆ. ಅನುಮಾನದ ಅಂಕಿ ಬಂದವರಿಗೆ, ಬಿ12 ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮಿಥೈಲ್ ಮಲೋನಿಕ್ ಆಮ್ಲದ ಪರೀಕ್ಷೆ ಇನ್ನಷ್ಟು ಸ್ಪಷ್ಟತೆ ಕೊಡುತ್ತದೆ. ಒಮ್ಮೆ ರಕ್ತ ಕೊಡುವಾಗಲೇ ಥೈರಾಯ್ಡ್, ಸೋಡಿಯಂ, ಸಕ್ಕರೆ, ಹಿಮೋಗ್ಲೋಬಿನ್ ಮತ್ತು ಕಿಡ್ನಿಯ ಪರೀಕ್ಷೆಗಳನ್ನೂ ವೈದ್ಯರ ಸಲಹೆ ಪಡೆದು ಮಾಡಿಸಿಕೊಳ್ಳುವುದು ಜಾಣತನ. ಥೈರಾಯ್ಡ್ ಕಡಿಮೆಯಾದರೂ ಮರೆವು ಮತ್ತು ಮಂಕು ಇದೇ ರೀತಿ ಕಾಣಿಸುತ್ತವೆ.

ಕೊರತೆ ಖಚಿತವಾದ ಮೇಲೆ ಊಟದಿಂದಲೇ ತುಂಬಿಕೊಳ್ಳುತ್ತೇವೆ ಎಂದು ಹಟ ಹಿಡಿಯಬಾರದು. ಬರಿದಾದ ದಾಸ್ತಾನನ್ನು ಹಾಲಿನಿಂದ ತುಂಬುವುದು ಬಹಳ ನಿಧಾನದ ಕೆಲಸ. ನರದ ಲಕ್ಷಣಗಳು ಇರುವವರಿಗೆ ಮತ್ತು ಹೀರಿಕೆ ಕೆಟ್ಟವರಿಗೆ ವೈದ್ಯರು ಸಾಮಾನ್ಯವಾಗಿ ಇಂಜೆಕ್ಷನ್‌ನಿಂದ ಆರಂಭಿಸುತ್ತಾರೆ, ಉಳಿದವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಆಸುಪಾಸಿನ ಮಾತ್ರೆ ಸಾಕಾಗಬಹುದು. ಬೇಕಾಗಿರುವುದು ಎರಡೂವರೆ, ಕೊಡುವುದು ಸಾವಿರವೇ ಎಂದು ಗಾಬರಿಯಾಗಬೇಕಿಲ್ಲ. ಅಷ್ಟು ದೊಡ್ಡ ಪ್ರಮಾಣದಲ್ಲಿ ಸುಮಾರು ಶೇ 1ರಷ್ಟು ಮಾತ್ರ ಜಠರದ ನೆರವಿಲ್ಲದೆ ನೇರವಾಗಿ ಕರುಳಿನಿಂದ ಒಳಸೇರುತ್ತದೆ, ಆ ಶೇ 1ಕ್ಕಾಗಿಯೇ ಸಾವಿರ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲವೆಂಬ ಇನ್ನೊಂದು ಬಿ ವಿಟಮಿನ್ನನ್ನು ಮಾತ್ರ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಬಿ12ಗೆ ಬದಲಿಯೆಂದು ಹೇಳಲಾಗುವ ಕೆಲವು ಪದಾರ್ಥಗಳನ್ನು ನಂಬದಿರುವುದು ಒಳ್ಳೆಯದು. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಬಹುಪಾಲು ಮನುಷ್ಯನ ದೇಹಕ್ಕೆ ಒದಗದ ಹುಸಿ ಬಿ12. ಹುದುಗಿಸಿದ ದೋಸೆ, ಇಡ್ಲಿ ಹಿಟ್ಟಿನಿಂದಲೇ ದಿನದ ಅಗತ್ಯ ತುಂಬುತ್ತದೆ ಎಂದು ಲೆಕ್ಕ ಹಾಕಲಾಗದು. ಪಡಿತರದಲ್ಲಿ ಹಂಚಲಾದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಜೊತೆ ಬಿ12 ಕೂಡ ಇದೆ, ಆದರೆ ನಿಗದಿಯಾದ ಪ್ರಮಾಣ ಕಿಲೋ ಅಕ್ಕಿಗೆ 0.75ರಿಂದ 1.25 ಮೈಕ್ರೋಗ್ರಾಂ ಮಾತ್ರ. ಅದರಲ್ಲಿಯೂ ಎಷ್ಟೋ ಮನೆಗಳಲ್ಲಿ ಬಣ್ಣ ಬೇರೆಯಾಗಿ ಕಾಣುವ ಆ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿ ಎಂಬ ಪುಕಾರಿಗೆ ಹೆದರಿ ಆರಿಸಿ ಎಸೆದಿದ್ದುಂಟು.

ಈಗ ನುಂಗುತ್ತಿರುವ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ

ಹೊಸ ಮಾತ್ರೆ ಸೇರಿಸುವ ಮೊದಲು ಹಳೆಯ ಮಾತ್ರೆಗಳನ್ನೆಲ್ಲ ಒಮ್ಮೆ ಚೀಲದಿಂದ ತೆಗೆದು ನೋಡಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಹೀರಿಕೆ ತಗ್ಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ನುಂಗುವ, ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ಇರುವ ಗ್ಯಾಸ್ಟ್ರಿಕ್ ಮಾತ್ರೆ ಜಠರದ ಆಮ್ಲವನ್ನೇ ಕುಗ್ಗಿಸುತ್ತದೆ. ಎಂದೋ ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು ಹತ್ತು ವರ್ಷ ಮುಂದುವರಿದಿರುವುದು ನಮ್ಮಲ್ಲಿ ತೀರ ಸಾಮಾನ್ಯ. ಸಸ್ಯಾಹಾರ, ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ಟ್ರಿಕ್ ಮಾತ್ರೆ ಈ ಮೂರೂ ಒಬ್ಬರಲ್ಲೇ ಕೂಡಿದ್ದರೆ ಮರೆವು ಕಾಣಿಸಿಕೊಳ್ಳುವವರೆಗೆ ಕಾಯದೆ ಬಿ12 ನೋಡಿಸಬೇಕು. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು, ಬೇಕೋ ಬೇಡವೋ ಎಂದು ಕೇಳಬೇಕು.

ನಿದ್ರೆ ಮಾತ್ರೆ, ನೆಗಡಿ ಮತ್ತು ಕಡಿತಕ್ಕೆ ಕೊಡುವ ತೂಕಡಿಕೆ ಬರಿಸುವ ಮಾತ್ರೆ, ಖಿನ್ನತೆಗೂ ನರದ ನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್‌ನಂಥವು ವಯಸ್ಸಾದವರ ನೆನಪನ್ನು ಮಂಕಾಗಿಸುತ್ತವೆ. ನರಕ್ಕೆಂದು ಬರೆಯುವ ಬಿ12 ಮಾತ್ರೆಗಳಲ್ಲಿ ಎಷ್ಟೋ ಬಾರಿ ಪ್ರಿಗಾಬಲಿನ್ ಕೂಡ ಬೆರೆತಿರುತ್ತದೆ. ಜೋಮಿನ ನೋವಿಗೆ ಅದು ಉಪಯುಕ್ತ ಔಷಧಿಯೇ ಆದರೂ ತೂಕಡಿಕೆ, ತಲೆಸುತ್ತು, ಗೊಂದಲ ಅದರ ಅಡ್ಡ ಪರಿಣಾಮಗಳು. ನೆನಪು ಸುಧಾರಿಸಲೆಂದು ವಿಟಮಿನ್ ಹೆಸರಿನಲ್ಲಿ ಇದನ್ನು ಕೊಡುತ್ತಾ ಹೋದರೆ ಫಲ ತಿರುವುಮುರುವಾಗುತ್ತದೆ, ಆದ್ದರಿಂದ ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ಬಿ6 ಹೆಚ್ಚಿನ ಪ್ರಮಾಣದಲ್ಲಿರುವ ಮಾತ್ರೆಯನ್ನು ದೀರ್ಘಕಾಲ ನುಂಗಿದರೆ ಅದರಿಂದಲೇ ನರಗಳಿಗೆ ಹಾನಿಯಾಗಿ ಜೋಮು ಬರುತ್ತದೆ ಎಂಬುದನ್ನೂ ನೆನಪಿಡಬೇಕು.

ಅಡುಗೆಮನೆಯಲ್ಲಿ ಮಾಡಬೇಕಾದ ಬದಲಾವಣೆ

ಮೆದುಳಿಗೆ ಒಳ್ಳೆಯದೆಂದು ಪ್ರಸಿದ್ಧವಾದ ಆಹಾರಕ್ರಮಗಳು ಹೆಚ್ಚಾಗಿ ಹೊರದೇಶಗಳವು. ಷಿಕಾಗೋದ ರಷ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮೈಂಡ್ ಆಹಾರಕ್ರಮ ಸೊಪ್ಪು, ಬೆರ್ರಿ ಹಣ್ಣು, ಬೀಜ, ಇಡಿಯ ಧಾನ್ಯ, ಮೀನುಗಳಿಗೆ ಒತ್ತು ಕೊಡುತ್ತದೆ. ಅದನ್ನು 604 ಮಂದಿಯಲ್ಲಿ ಮೂರು ವರ್ಷ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮಾಮೂಲಿ ಊಟವನ್ನೇ ಸ್ವಲ್ಪ ಕಡಿಮೆ ಮಾಡಿಕೊಂಡ ಇನ್ನೊಂದು ಗುಂಪಿಗಿಂತ ಇವರ ನೆನಪಿನ ಅಂಕಗಳು ಗಣನೀಯವಾಗಿ ಮೇಲಿರಲಿಲ್ಲ. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1260 ಮಂದಿಯಲ್ಲಿ ನಡೆದ ಎರಡು ವರ್ಷದ ಪ್ರಯೋಗದಲ್ಲಿ ಮಾತ್ರ ಪ್ರಯೋಜನ ಕಂಡುಬಂತು, ಅಲ್ಲಿ ಊಟದ ಜೊತೆ ವ್ಯಾಯಾಮ, ಮೆದುಳಿಗೆ ಅಭ್ಯಾಸ, ಬಿಪಿ ಮತ್ತು ಸಕ್ಕರೆಯ ನಿಗಾ ಎಲ್ಲವೂ ಒಟ್ಟಿಗೆ ಇದ್ದವು. ನಮ್ಮ ಊಟ, ನಮ್ಮ ಬದುಕಿನ ಕ್ರಮ ಮೆದುಳಿನ ಮೇಲೆ ಏನು ಮಾಡುತ್ತವೆ ಎಂಬುದನ್ನು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಉದ್ದಕ್ಕೂ ಗಮನಿಸುವ ಅಧ್ಯಯನ ನಡೆಸುತ್ತಿದೆ. ಅದರ ಫಲಿತಾಂಶ ಬರುವವರೆಗೆ ಬೆರ್ರಿ, ಆಲಿವ್ ಎಣ್ಣೆಗೆ ದುಬಾರಿ ಹಣ ತೆರುವ ಬದಲು ಮನೆಯ ಊಟದಲ್ಲಿರುವ ತೂತುಗಳನ್ನು ಮುಚ್ಚುವುದೇ ಬುದ್ಧಿವಂತಿಕೆ ಎಂಬುದು ನನ್ನ ಅಭಿಪ್ರಾಯ.

ದೊಡ್ಡ ತೂತು ಪ್ರೋಟೀನಿನದು. ಒಂಟಿಯಾಗಿರುವ, ಹಲ್ಲು ಕಳೆದುಕೊಂಡ ಅಜ್ಜಿಯೊಬ್ಬರ ದಿನವನ್ನು ನೋಡಿ: ಬೆಳಗ್ಗೆ ಕಾಫಿ ಮತ್ತು ಎರಡು ಇಡ್ಲಿ, ಮಧ್ಯಾಹ್ನ ಅನ್ನ, ತಿಳಿಸಾರು, ಮಜ್ಜಿಗೆ, ಸಂಜೆ ಕಾಫಿಗೆ ಅದ್ದಿದ ರಸ್ಕು, ರಾತ್ರಿ "ಒಬ್ಬಳಿಗೆ ಏನು ಮಾಡುವುದು" ಎಂದು ಗಂಜಿ. ಹೊಟ್ಟೆ ತುಂಬುತ್ತದೆ, ಆದರೆ ದಿನದ ಪ್ರೋಟೀನ್ ಮೂವತ್ತು ಗ್ರಾಂ ದಾಟುವುದು ಕಷ್ಟ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ, ಐವತ್ತೈದು ಕಿಲೋ ತೂಕದವರಿಗೆ ಅದು 55ರಿಂದ 66 ಗ್ರಾಂ. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಲೆಕ್ಕವನ್ನು ತಮ್ಮ ವೈದ್ಯರನ್ನು ಕೇಳಿ ಹಾಕಬೇಕು. ಇಡ್ಲಿಗೆ ಚಟ್ನಿಯ ಬದಲು ಗಟ್ಟಿ ಬೇಳೆಯ ಸಾಂಬಾರು, ತಿಳಿಸಾರಿನ ತಳದಲ್ಲಿ ಉಳಿಯುವ ಬೇಳೆಯನ್ನು ಮಸೆದು ಅನ್ನಕ್ಕೆ, ನೀರು ಮಜ್ಜಿಗೆಯ ಬದಲು ಒಂದು ಬಟ್ಟಲು ಗಟ್ಟಿ ಮೊಸರು, ರಾತ್ರಿ ಮಲಗುವ ಮುನ್ನ ಒಂದು ಲೋಟ ಹಾಲು, ತಿನ್ನುವವರಾದರೆ ದಿನಕ್ಕೊಂದು ಬೇಯಿಸಿದ ಮೊಟ್ಟೆ, ಇಷ್ಟರಿಂದಲೇ ಅಂತರ ಬಹುಮಟ್ಟಿಗೆ ತುಂಬುತ್ತದೆ. ಹಾಲು ಮೊಸರು ಹೆಚ್ಚಿದಾಗ ಬಿ12 ಕೂಡ ತಾನಾಗಿ ಹೆಚ್ಚುತ್ತದೆ.

ಸೊಪ್ಪಿನ ವಿಚಾರದಲ್ಲಿ ಹಳೇ ಮೈಸೂರು ಕಡೆಯ ಬಸ್ಸಾರಿಗಿಂತ ಒಳ್ಳೆಯ ಉಪಾಯ ಸಿಗಲಾರದು. ಸೊಪ್ಪಿನಲ್ಲಿರುವ ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಸಹಜ ರೂಪ, ನೀರಿನಲ್ಲಿ ಕರಗುವಂಥದ್ದು, ಸೊಪ್ಪನ್ನು ಬೇಯಿಸಿ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಮೋರಿ ಸೇರುತ್ತದೆ. ಬಸ್ಸಾರಿನಲ್ಲಿ ಹೆಸರುಕಾಳು ಅಥವಾ ಅಲಸಂದೆ ಮುಕ್ಕಾಲು ಬೆಂದಾಗ ದಂಟಿನ ಸೊಪ್ಪನ್ನು ಹಾಕಿ, ಬೆಂದ ಕೂಡಲೇ ಬಸಿದು, ಆ ಕಟ್ಟನ್ನು ಉಳಿಸಿಕೊಳ್ಳುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿತುರಿಯ ಜೊತೆ ಬೆಂದ ಸೊಪ್ಪುಕಾಳು ಒಂದು ಹಿಡಿ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು, ಮಿಕ್ಕದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಏನೂ ಹೊರಗೆ ಹೋಗುವುದಿಲ್ಲ. ಹಲ್ಲಿಲ್ಲದವರಿಗೆ ಪಲ್ಯವನ್ನು ನುಣ್ಣಗೆ ಮಸೆದು ಕೊಡಬಹುದು, ಮುದ್ದೆಯನ್ನಂತೂ ಅಗಿಯಬೇಕಿಲ್ಲ. ಸಕ್ಕರೆ ಕಾಯಿಲೆಯವರಿಗೆ ರಾಗಿಯೆಂಬ ಕಾರಣಕ್ಕೆ ಮುದ್ದೆಯ ಗಾತ್ರ ಹೆಚ್ಚಿಸಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂತಹ ಮಾತ್ರೆ ನುಂಗುವವರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ಒಂದು ವಾರ ದಿನವೂ ಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂಬಂತೆ ಏರುಪೇರು ಮಾಡದೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು.

ಉತ್ತರ ಕರ್ನಾಟಕದವರಿಗೆ ಅಗಸಿ ಚಟ್ನಿಪುಡಿ ಮತ್ತು ಶೇಂಗಾ ಚಟ್ನಿಪುಡಿ ಊಟದಲ್ಲಿಯೇ ಇವೆ. ಗಟ್ಟಿ ಮೊಸರಿನಲ್ಲಿ ಕಲಸಿ, ಬಿಸಿ ಸಾರಿನಲ್ಲಿ ನೆನೆದ ಜೋಳದ ರೊಟ್ಟಿಯ ಜೊತೆ ಕೊಟ್ಟರೆ ಹಲ್ಲಿಲ್ಲದ ಹಿರಿಯರೂ ತಿನ್ನುತ್ತಾರೆ. ಅಗಸೆಯಲ್ಲಿರುವ ಒಮೆಗಾ 3 ಮೆದುಳಿಗೆ ಬೇಕಾದ ರೂಪಕ್ಕೆ ದೇಹದಲ್ಲಿ ಪರಿವರ್ತನೆಯಾಗುವುದು ಅಲ್ಪ ಮಾತ್ರ ಎಂಬುದು ತಿಳಿದಿರಲಿ. ಆ ರೂಪ ನೇರವಾಗಿ ಸಿಗುವುದು ಮೀನಿನಲ್ಲಿ, ಕರಾವಳಿಯ ಬೂತಾಯಿ ಮತ್ತು ಬಂಗುಡೆಯಲ್ಲಿ ಅದರ ಜೊತೆಗೆ ಬಿ12 ಕೂಡ ಧಾರಾಳವಾಗಿದೆ. ವಾರಕ್ಕೆ ಎರಡು ಸಲ ಕರಿಯದೆ ಸಾರು ಮಾಡಿ ತಿಂದರೆ ಸಾಕು. ಬಿಪಿ ಇರುವವರಿಗೆ ಒಣಮೀನು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಿತವಲ್ಲ. ದಿನದ ಉಪ್ಪು ಐದು ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು, ದಾಟಬಾರದು. ಬಿಪಿಯನ್ನು ಹತೋಟಿಯಲ್ಲಿಡುವುದು ಯಾವುದೇ ವಿಟಮಿನ್‌ಗಿಂತ ಮೆದುಳಿಗೆ ಹೆಚ್ಚು ಉಪಕಾರಿ. ಆದರೆ ಕೆಲವು ಬಿಪಿ ಮಾತ್ರೆಗಳು ಸೋಡಿಯಂ ಇಳಿಸುವುದರಿಂದ, ಅವನ್ನು ನುಂಗುವವರು ಉಪ್ಪನ್ನು ಪೂರ್ತಿ ಬಿಡುವ ಪಥ್ಯವನ್ನು ಸ್ವಂತವಾಗಿ ಹಿಡಿಯಬಾರದು.

ಏಕಾದಶಿ, ಸೋಮವಾರದ ಒಪ್ಪೊತ್ತು ಇವುಗಳನ್ನು ಬಿಡಿ ಎಂದು ಹಿರಿಯರಿಗೆ ಹೇಳುವುದು ಸುಲಭವಲ್ಲ, ಹೇಳಲೇಬೇಕೆಂದೂ ಇಲ್ಲ. ಆದರೆ ಗ್ಲಿಮೆಪಿರೈಡ್‌ನಂತಹ ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ, ತೀವ್ರವಾಗಿ ಮತ್ತೆ ಮತ್ತೆ ಹಾಗಾದರೆ ಮೆದುಳಿಗೆ ಪೆಟ್ಟು. ಉಪವಾಸದ ದಿನದ ಮಾತ್ರೆ ಹೇಗೆ ಎಂದು ವೈದ್ಯರನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ದಿನವೂ ಮದ್ಯ ಕುಡಿದು ಊಟ ಬಿಡುವವರಲ್ಲಿ ಥಯಾಮಿನ್, ಅಂದರೆ ಬಿ1, ಬರಿದಾಗಿ ನೆನಪು ಶಾಶ್ವತವಾಗಿ ಹಾಳಾಗುವ ಅಪಾಯವಿದೆ. ಅವರಿಗೆ ಮನೆಮದ್ದು ಸಲ್ಲದು.

ಡಬ್ಬಿಗಳು, ಪುಡಿಗಳು, ಒಂದೆಲಗ

ಗಿಂಕ್ಗೊ ನೆನಪಿನ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಗಿಡದ ಸಾರ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹಿರಿಯರಿಗೆ ಅದನ್ನು ವರ್ಷಗಟ್ಟಲೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂದಾಗ, ಡಿಮೆನ್ಷಿಯಾ ತಡೆಯುವಲ್ಲಿ ಅದು ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ದಿನಕ್ಕೊಂದು ಮಲ್ಟಿವಿಟಮಿನ್ ಮಾತ್ರೆಯಿಂದ ಹಿರಿಯರ ನೆನಪಿನ ಅಂಕಗಳಲ್ಲಿ ಸಣ್ಣ ಸುಧಾರಣೆ ಕಂಡದ್ದು ಈಚಿನ ಅಮೆರಿಕದ ಪ್ರಯೋಗಗಳಲ್ಲಿ ವರದಿಯಾಗಿದೆ, ಊಟ ಕಡಿಮೆಯಾದವರಿಗೆ ಅದನ್ನು ಕೊಡುವುದರಲ್ಲಿ ತಪ್ಪಿಲ್ಲ. ಬಿ12 ಸಾಕಷ್ಟಿರುವವರಿಗೆ ಇನ್ನಷ್ಟು ಬಿ12 ಕೊಟ್ಟರೆ ನೆನಪು ಹೆಚ್ಚುವುದಿಲ್ಲ.

ವಿಟಮಿನ್ ಡಿ ಕೊರತೆ ಹಿರಿಯರಲ್ಲಿ ವ್ಯಾಪಕವಾಗಿದೆ, ಮೂಳೆ ಮತ್ತು ಸ್ನಾಯುವಿನ ಸಲುವಾಗಿ ಅದನ್ನು ತುಂಬಿಕೊಳ್ಳಬೇಕು. ನೆನಪಿಗೆ ಅದರಿಂದ ಉಪಕಾರವಾದದ್ದು ಪ್ರಯೋಗಗಳಲ್ಲಿ ಸ್ಪಷ್ಟವಾಗಿಲ್ಲ. ಇಲ್ಲಿ ಅಪಾಯ ಬೇರೆಯೇ ಇದೆ: ವಾರಕ್ಕೊಂದರಂತೆ ಬರೆದುಕೊಡುವ 60,000 ಯೂನಿಟ್‌ನ ಪುಡಿ ಅಥವಾ ಗುಳಿಗೆಯನ್ನು ದಿನವೂ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ ಉಂಟಾಗುತ್ತವೆ. ಮರೆಯುವವರ ಕೈಯಲ್ಲಿ ಈ ಪೊಟ್ಟಣಗಳನ್ನು ಬಿಡಲೇಬಾರದು.

ಒಂದೆಲಗದ ತಂಬುಳಿ, ಚಟ್ನಿ ಮಲೆನಾಡು ಮತ್ತು ಕರಾವಳಿಯವರಿಗೆ ಮನೆಯ ಊಟ, ತಿನ್ನಲು ಯಾವ ಅಡ್ಡಿಯೂ ಇಲ್ಲ, ಮೊಸರೂ ಜೊತೆಗೆ ಸೇರುತ್ತದಲ್ಲ. ಆದರೆ ಬ್ರಾಹ್ಮಿ ಎಂಬ ಹೆಸರಿನಲ್ಲಿ ಮಾರುವ ಗುಳಿಗೆಗಳಲ್ಲಿ ಒಂದೆಲಗವೂ ಇರಬಹುದು, ಅದಕ್ಕೆ ಸಂಬಂಧವೇ ಇಲ್ಲದ ನೀರು ಬ್ರಾಹ್ಮಿಯೂ ಇರಬಹುದು. ಡಿಮೆನ್ಷಿಯಾ ಗುಣಪಡಿಸುತ್ತದೆ ಎಂದು ತೋರಿಸುವ ಗಟ್ಟಿ ಆಧಾರ ಎರಡಕ್ಕೂ ಇಲ್ಲ. ನುಂಗುತ್ತಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಭಸ್ಮ ಬೆರೆತ, ತಯಾರಕರ ವಿವರವಿಲ್ಲದ ಪುಡಿಗಳಲ್ಲಿ ಸೀಸದಂತಹ ಲೋಹ ಇದ್ದ ಉದಾಹರಣೆಗಳಿರುವುದರಿಂದ ಅವನ್ನು ದೂರವಿಡಬೇಕು.

ಮೂರು ತಿಂಗಳ ನಂತರ

ಬಿ12 ಚಿಕಿತ್ಸೆ ಆರಂಭಿಸಿ ಸುಮಾರು ಮೂರು ತಿಂಗಳಾದ ಮೇಲೆ ವೈದ್ಯರನ್ನು ಮತ್ತೆ ಕಾಣಬೇಕು. ಸುಸ್ತು ಮತ್ತು ನಾಲಿಗೆಯ ಉರಿ ಬೇಗ ತಗ್ಗುತ್ತವೆ, ಜೋಮು ನಿಧಾನ, ನೆನಪು ಇನ್ನೂ ನಿಧಾನ. ಕೊರತೆ ಈಚಿನದಾಗಿದ್ದರೆ ಸುಧಾರಣೆಯ ನಿರೀಕ್ಷೆ ಹೆಚ್ಚು, ವರ್ಷಗಟ್ಟಲೆ ಇದ್ದದ್ದಾದರೆ ಪೂರ್ತಿ ಮರಳದೆ ಇರಬಹುದು. ಸಸ್ಯಾಹಾರ, ಮೆಟ್‌ಫಾರ್ಮಿನ್ ಅಥವಾ ಜಠರದ ಹೀರಿಕೆಯ ತೊಂದರೆ ಮುಂದುವರಿಯುವವರೆಗೂ ಮಾತ್ರೆ ಬೇಕಾಗುತ್ತದೆ, ಅಂಕಿ ಏರಿತೆಂದು ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಕೊರತೆ ತುಂಬಿದ ಮೇಲೂ ಪುಸ್ತಕದ ಸಾಲುಗಳು ಹೆಚ್ಚುತ್ತಲೇ ಇದ್ದರೆ ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ, ನರರೋಗ ತಜ್ಞರನ್ನು ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯನ್ನು ಕಾಣಬೇಕು. ಹೋಗುವಾಗ ಆ ಪುಸ್ತಕ, ಹಳೆಯ ಮತ್ತು ಹೊಸ ರಕ್ತಪರೀಕ್ಷೆಯ ವರದಿಗಳು, ತೂಕದ ವಿವರ ಮತ್ತು ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಜೊತೆಗೆ ಒಯ್ಯಬೇಕು. ಮನೆಯಲ್ಲಿ ಏಳು ಖಾನೆಗಳ ಮಾತ್ರೆ ಡಬ್ಬಿಯೊಂದನ್ನು ತಂದು, ಪ್ರತಿ ಭಾನುವಾರ ಮಗನೋ ಸೊಸೆಯೋ ತುಂಬಿಟ್ಟು, ಬಿ12 ಮಾತ್ರೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ನಿಗದಿ ಮಾಡಿದರೆ ತಪ್ಪುವುದು ಕಡಿಮೆ. ಒಂಟಿಯಾಗಿರುವವರಿಗೆ ಆ ಹೊತ್ತಿನಲ್ಲಿ ಒಂದು ಫೋನ್ ಮಾಡಿ, ಇಂದಿನ ಖಾನೆ ಖಾಲಿಯಾಯಿತೇ ಎಂದು ಕೇಳಬಹುದು.